ಯಾರೂ ಸಾಯದ ಮನೆಯ ಸೂತಕ

ನಮ್ಮ ವಿಲ್ಯಾ ರೆಬೆಕಾ ಊರಿನಲ್ಲಿ ಗಂಡಸರು ಹತ್ತೇ ಜನ ಎಂದು ನಾನು ಹೇಳಿದರೆ ಪೊಲೀಸ್ ಅಧಿಕಾರಿ ಸಿಲ್ವಾ ಅವರಿಗೆ ಮೂಗಿನ ತುದಿಯಲ್ಲೇ ಕೋಪ. "ಹಾಗಾದ್ರೆ ನಾನೇನು ನಿಮ್ಮ ಕಣ್ಣಿಗೆ ಕುರೀನಾ?" ಎಂದು ಕೇಳುತ್ತಾರೆ. ನಾನು ಊರಿನ ಕ್ಷೌರಿಕ. ನನ್ನ ಕುರ್ಚಿಯಲ್ಲಿ ಕೂತವರ ಜೊತೆ, ಕತ್ತಿ ನನ್ನ ಕೈಯಲ್ಲೇ ಇದ್ದರೂ, ನಾನು ವಾದಕ್ಕೆ ಇಳಿಯುವುದಿಲ್ಲ. ಗಂಡಸರು ಬೇಕಾದಷ್ಟಿದ್ದಾರೆ. ಆದರೆ ಯೆಹೂದಿ ಗಂಡಸರು ಹತ್ತೇ. ಹತ್ತು ಜನ ಸೇರದೆ ನಮ್ಮಲ್ಲಿ ಸಾಮೂಹಿಕ ಪ್ರಾರ್ಥನೆ ನಡೆಯುವುದಿಲ್ಲ. ತೀರಿಕೊಂಡ ತಾಯಿತಂದೆಯರಿಗಾಗಿ ಹೇಳುವ ಕಾದಿಶ್ ಪ್ರಾರ್ಥನೆಯನ್ನಂತೂ ಒಂಬತ್ತು ಜನರ ಮುಂದೆ ಬಾಯಿಂದ ಹೊರಡಿಸುವಂತೆಯೇ ಇಲ್ಲ. ಆ ಒಂಬತ್ತೂ ಜನ ಮಹಾಜ್ಞಾನಿಗಳಾಗಿರಲಿ, ಕೂತು ಬಾಗಿಲು ನೋಡುತ್ತಿರಬೇಕು. ಹತ್ತನೆಯವನು ಶತದಡ್ಡನಾದರೂ ಸರಿ, ಅವನ ಟೋಪಿ ಬಾಗಿಲಲ್ಲಿ ಕಂಡ ಮೇಲೆಯೇ ದೇವರು ಇತ್ತ ಕಿವಿ ಕೊಡುವುದು.

ಇದನ್ನು ನಮಗೆ ಹೇಳಿಕೊಟ್ಟವರು ಫೈವೆಲ್ ತಾತ. ನಮ್ಮ ಊರಿಗೆ ಧರ್ಮಗುರುವನ್ನು ಸಾಕುವ ಶಕ್ತಿ ಇಲ್ಲ. ನಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗಿನ ಬೀಗದ ಕೈ ಫೈವೆಲ್ ತಾತನ ಹತ್ತಿರ ಇರುವುದರಿಂದ ಶಾಸ್ತ್ರವೂ ಅವರ ಹತ್ತಿರವೇ ಇದೆ ಎಂದು ನಾವು ತಿಳಿದಿದ್ದೇವೆ. ಅವರೂ ಹಾಗೆಯೇ ತಿಳಿದಿದ್ದಾರೆ.

ನಮ್ಮ ಹತ್ತನೆಯವನು ಗ್ರೆಗೋರಿಯೊ ಗ್ಲುಸ್ಮನ್. ಊರಿಗೆಲ್ಲ ಗೋಯೊ. ಟೋಪಿ ಅಂಗಡಿ ಇಟ್ಟಿದ್ದಾನೆ. ಮದುವೆ ಇಲ್ಲ, ಮಕ್ಕಳಿಲ್ಲ, ಇರುವುದೊಂದು ಹಠ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಪರಾನಾ ಪಟ್ಟಣದಲ್ಲಿ ಅವನಿಗೊಬ್ಬಳು ಅಕ್ಕ ಇದ್ದಾಳೆ, ಫಾನ್ಯ. ಅಮ್ಮ ಬಿಟ್ಟುಹೋದ ಹಿತ್ತಾಳೆಯ ಸಮೋವರ್, ಅದೇ ಚಹಾ ಕಾಯಿಸುವ ದೊಡ್ಡ ಪಾತ್ರೆ, ಯಾರಿಗೆ ಸೇರಬೇಕೆಂದು ಅಕ್ಕತಮ್ಮನಿಗೆ ಜಗಳ. ಅಕ್ಕ ಪಾತ್ರೆ ಎತ್ತಿಕೊಂಡು ಹೋದಳು. ತಮ್ಮ, "ಅವಳೇ ಮೊದಲು ಮಾತಾಡಿಸ್ಲಿ" ಎಂದು ಬಾಯಿಗೆ ಬೀಗ ಹಾಕಿಕೊಂಡ. ಎರಡು ವರ್ಷವಾಗಿತ್ತು, ಬೀಗ ತೆಗೆದಿರಲಿಲ್ಲ.

ನಮ್ಮ ಕಡೆ ಜನವರಿ ಎಂದರೆ ನಡುಬೇಸಿಗೆ. ಈ ಜನವರಿಯ ಸೆಕೆಯಲ್ಲಿ ಅಂಥದೇ ಇನ್ನೊಂದು ಬೀಗ ನಮ್ಮ ಬಾಗಿಲಿಗೂ ಬಿತ್ತು. ನಾವೆಲ್ಲ ಸೇರಿ ಸಿನಗಾಗಿಗೆ ಒಂದು ಫ್ಯಾನ್ ತರಿಸಿದ್ದೆವು, ಕಾಲಿನ ಮೇಲೆ ನಿಲ್ಲುವಂಥದ್ದು. ಆಚೀಚೆ ಕತ್ತು ತಿರುಗಿಸುವ ಅದರ ಗುಣ ಲಾರಿಯಲ್ಲಿ ಬರುವಾಗಲೇ ಹೊರಟುಹೋಗಿತ್ತು. ಬಂದ ದಿನ ಯಾವ ಕಡೆ ಮುಖ ಮಾಡಿ ನಿಂತಿತೋ ಆ ಕಡೆಗೇ ಬೀಸತೊಡಗಿತು. ಆ ಕಡೆ ಕೂರುತ್ತಿದ್ದವನು ಬೇಕರಿಯ ನಾಹುಮ್ ಬ್ರೋದ್ಸ್ಕಿ. ಗೋಯೊ ಮತ್ತು ನಾಹುಮ್ ಒಂದೇ ಬೀದಿಯಲ್ಲಿ ಆಡಿ ಬೆಳೆದವರು.

"ಫ್ಯಾನು ನನ್ನ ಕಡೆ ತಿರುಗ್ಲಿ. ಇದು ನಮ್ಮಪ್ಪ ಕೂರ್ತಿದ್ದ ಜಾಗ," ಎಂದ ಗೋಯೊ.

"ಬೆಳಗಿಂದ ಒಲೆ ಮುಂದೆ ಬೇಯೋನು ನಾನು ಕಣೋ. ನಿನ್ನ ಟೋಪಿ ಅಂಗಡೀಲಿ ಯಾವ ಒಲೆ ಉರೀತದೆ?" ಎಂದ ನಾಹುಮ್.

ಫೈವೆಲ್ ತಾತ ಕೈ ಎತ್ತಿಸಿದರು. ಫ್ಯಾನ್ ಇದ್ದಲ್ಲೇ ಇರಲಿ ಎಂದು ಗೋಯೊ ಒಬ್ಬನನ್ನು ಬಿಟ್ಟು ಎಲ್ಲರೂ ಎತ್ತಿದೆವು. ಸೆಕೆಯಲ್ಲಿ ಅದನ್ನು ಎತ್ತಿಡುವವರು ಯಾರು ಎಂಬುದೇ ನಮ್ಮ ಯೋಚನೆಯಾಗಿತ್ತು. ಗೋಯೊ ಎದ್ದು ನಿಂತು ಟೋಪಿ ಹಾಕಿಕೊಂಡ. ಅದು ಆಗಲೇ ತಲೆಯ ಮೇಲಿತ್ತು, ಆದ್ದರಿಂದ ತೆಗೆದು ಮತ್ತೆ ಹಾಕಿಕೊಂಡ.

"ಇವತ್ತಿಗೆ ನಿಮ್ಮ ಸಂಗ ಬಿಟ್ಟೆ. ನಾನಾಗಿ ನಾನು ನಿಮ್ಮಲ್ಲಿ ಯಾರ ಹತ್ರಾನೂ ಮೊದಲು ಬಾಯಿ ಬಿಡೋನಲ್ಲ. ನೀವೇ ನನ್ನ ಮನೆಗೆ ಬರಬೇಕು, ತಪ್ಪಾಯ್ತು ಅನ್ನಬೇಕು. ಅಲ್ಲೀವರೆಗೂ ನನ್ನ ದೇವರು ನನಗೆ, ನನ್ನ ಫ್ಯಾನು ನನಗೆ!"

"ನಿನಗೆ ಫ್ಯಾನೆಲ್ಲಿದೆಯೋ?" ಎಂದರು ಯಾರೋ.

"ತಗೋತೀನಿ! ಇದರಪ್ಪನಂಥದ್ದು!"

ಮನುಷ್ಯ ಹೇಳಿದಂತೆಯೇ ನಡೆದುಕೊಂಡ. ನಾಹುಮನ ಬೇಕರಿಯ ಬ್ರೆಡ್ ಬಿಟ್ಟ. ತಾನೇ ಸುಟ್ಟುಕೊಂಡ ಬ್ರೆಡ್ ತಿಂದು ಸೊರಗಿದ. ನಾನೂ ಕೈ ಎತ್ತಿದವನೆಂದು ನನ್ನ ಅಂಗಡಿಗೆ ಬರುವುದನ್ನೂ ಬಿಟ್ಟ. ಗಡ್ಡ ತಾನಾಗಿ ಬೆಳೆಯಿತು. ನಾವು ಒಂಬತ್ತು ಜನ ಸಿನಗಾಗಿನಲ್ಲಿ ಫ್ಯಾನಿನ ಗಾಳಿ ಕುಡಿದು ಸುಮ್ಮನೆ ಮನೆಗೆ ಬರತೊಡಗಿದೆವು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ನಾಹುಮನ ತಾಯಿ ರಿವ್ಕೆ ತೀರಿಕೊಂಡು ಒಂದು ವರ್ಷವಾಗುವ ದಿನ ಹತ್ತಿರ ಬಂತು. ಆ ದಿನ ಮಗ ಕಾದಿಶ್ ಹೇಳಲೇಬೇಕು. ಪಕ್ಕದ ಊರಿಂದ ಒಬ್ಬನನ್ನು ಕರೆತರೋಣವೆಂದರೆ ಅಲ್ಲಿಯ ನಮ್ಮವರೆಲ್ಲ ಸೆಕೆಗೆ ಹೆದರಿ ಸಮುದ್ರದ ಕಡೆ ಹೋಗಿಬಿಟ್ಟಿದ್ದರು. ಹೋಗಿ ಗೋಯೊನನ್ನು ಒಂದು ಮಾತು ಕೇಳು ಎಂದು ನಾಹುಮನಿಗೆ ನಾನೇ ಹೇಳಿದೆ.

"ಅವನ ಕಾಲು ಹಿಡೀಲಾ? ಫ್ಯಾನಿಗೋಸ್ಕರ ನಮ್ಮಮ್ಮನ್ನ ಮರೆತೋನ ಕಾಲು?" ಎಂದ ನಾಹುಮ್. "ನಮ್ಮಮ್ಮನ ಕೈಯಿಂದ ಅವನು ತಿಂದಿರೋ ಸ್ಟ್ರೂಡೆಲ್ ಉದ್ದಕ್ಕೆ ಇಟ್ರೆ ರೈಲ್ವೆ ಸ್ಟೇಷನ್ ತಲುಪ್ತದೆ!"

ಅದು ನಿಜ. ಗೋಯೊನ ತಾಯಿ ಅಂಗಡಿ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಅವನಿಗೆ ಮಧ್ಯಾಹ್ನದ ಊಟ ರಿವ್ಕೆಯ ಅಡುಗೆಮನೆಯಲ್ಲೇ. ಸೇಬು ತುಂಬಿದ ಆ ಸಿಹಿ ಸುರುಳಿಯ ಕೊನೆಯ ತುಂಡು ಯಾವಾಗಲೂ ಅವನಿಗೇ ಮೀಸಲು.

ನಮ್ಮಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಹಿಂದಿನ ಸಂಜೆ ಒಂಬತ್ತು ಜನ ಸೇರಿದೆವು. ನಾಹುಮ್ ಪುಸ್ತಕ ತೆರೆದ, ಬಾಗಿಲು ನೋಡಿದ, ಪುಸ್ತಕ ಮುಚ್ಚಿದ. ಬೆಳಗ್ಗೆಯೂ ಅದೇ ಆಯಿತು. ಇನ್ನು ಉಳಿದದ್ದು ಮಧ್ಯಾಹ್ನದ ಪ್ರಾರ್ಥನೆ ಒಂದೇ. ಅದೂ ಹೊತ್ತು ಮುಳುಗುವುದರೊಳಗೆ. ನಾಹುಮ್ ಬೇಕರಿಗೆ ಹೋಗಿ ಹಿಟ್ಟನ್ನು ಬಡಿದ ಸದ್ದು ನನ್ನ ಅಂಗಡಿಯವರೆಗೂ ಕೇಳಿತು.

ಅದೇ ಬೆಳಗ್ಗೆ ಗೋಯೊ ತನ್ನ ಮನೆಯ ಮುಂದಿನ ಕೋಣೆಯನ್ನು ಖಾಸಗಿ ಸಿನಗಾಗ್ ಮಾಡಲು ಹೊರಟಿದ್ದ. ಆಮೇಲೆ ಅವನೇ ಹೇಳಿದ್ದನ್ನು ನಾನು ಇಲ್ಲಿ ಹೇಳುತ್ತಿದ್ದೇನೆ, ನನ್ನದೇನೂ ಸೇರಿಸಿಲ್ಲ, ಸೇರಿಸುವ ಅಗತ್ಯವೂ ಇಲ್ಲ. ಮೊದಲು ಗೋಡೆಗೆ ಸುಣ್ಣ ಬಳಿದ. ಕನ್ನಡಿಗೆ ಸುಣ್ಣ ಹಾರದಿರಲೆಂದು ಅದರ ಮೇಲೆ ಬಿಳಿ ದುಪ್ಪಟಿ ಹೊದಿಸಿದ. ಕುರ್ಚಿಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದ. ಚರ್ಮದ ಬೂಟು ಹಾಳಾಗುತ್ತದೆಂದು ಬಟ್ಟೆಯ ಚಪ್ಪಲಿ ಹಾಕಿಕೊಂಡ. ಆಮೇಲೆ ಏಣಿ ಹತ್ತಿ, ಪರಾನಾದಿಂದ ತರಿಸಿದ ದೊಡ್ಡ ಫ್ಯಾನನ್ನು ಮಾಡಿನ ಕೊಕ್ಕೆಗೆ ಸಿಕ್ಕಿಸಲು ಹೋದ. ಕೊಕ್ಕೆಗೆ ಸಿಕ್ಕಿಕೊಂಡದ್ದು ಅವನ ಅಂಗಿಯ ಕಾಲರ್. ಅದು ಎದೆಯವರೆಗೂ ಹರಿಯಿತು. ಹೇಗೋ ಮಾಡಿ ಫ್ಯಾನ್ ಸಿಕ್ಕಿಸಿ ಸ್ವಿಚ್ ಒತ್ತಿದ. ಫ್ಯಾನ್ ಒಂದು ಸುತ್ತು ಸುತ್ತಿ ಮನೆಯ ಫ್ಯೂಸ್ ಹಾರಿಸಿತು. ಸೆಕೆಗೆಂದು ಕಿಟಕಿಯ ಬಾಗಿಲುಗಳನ್ನು ಎಳೆದುಕೊಂಡಿದ್ದ ಕೋಣೆ ಕತ್ತಲಾಯಿತು. ಫ್ಯೂಸ್ ನೋಡಲು ಮೇಣದ ಬತ್ತಿ ಹಚ್ಚಿದ. ಸುಣ್ಣದ ವಾಸನೆ ಹೋಗಲೆಂದು ಮುಂಬಾಗಿಲನ್ನು ಪೂರ್ತಿ ತೆರೆದಿಟ್ಟ. ಸುಸ್ತಾಗಿ ಒಂದು ಗಿಡ್ಡ ಮರದ ಪೆಟ್ಟಿಗೆಯ ಮೇಲೆ ಕೂತು, ಕೆನ್ನೆಗೆ ಕೈ ಕೊಟ್ಟು, ನಿಂತುಹೋದ ಫ್ಯಾನನ್ನು ನೋಡತೊಡಗಿದ.

ಮೂಗಿಗೆ ಸುಣ್ಣ ಹೋಗಿ ಒಂದು ಸಲ ಜೋರಾಗಿ ಸೀನಿದನಂತೆ. ಸೀನಿ, ನಮ್ಮವರ ವಾಡಿಕೆಯಂತೆ ಯಾರಾದರೂ "ನೂರಿಪ್ಪತ್ತು ವರ್ಷ ಬಾಳು" ಎನ್ನಲೆಂದು ಅಭ್ಯಾಸಬಲದಿಂದ ಒಂದು ಕ್ಷಣ ಕಾದನಂತೆ. ಗೋಡೆ ಏನೂ ಹೇಳಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ದೋನ್ಯ ಪೆರ್ಲಾ ಬೀದಿಯಲ್ಲಿ ಹಾದುಹೋದರು. ದೋನ್ಯ ಪೆರ್ಲಾ ತೆರೆದ ಬಾಗಿಲನ್ನು ನೋಡಿ ಸುಮ್ಮನೆ ಹೋಗುವ ಪೈಕಿಯಲ್ಲ. ಇಣುಕಿದರು. ಮರುಕ್ಷಣ ನನ್ನ ಅಂಗಡಿಗೆ ಓಡಿಬಂದು, ಅರ್ಧ ಕ್ಷೌರವಾದ ಗಿರಾಕಿಯ ಎದುರಿಗೇ ಎದೆ ಹೊಡೆದುಕೊಂಡರು.

"ಗೋಯೊ ಮನೇಲಿ ಸೂತಕ! ಕನ್ನಡಿ ಮುಚ್ಚಿದಾನೆ, ಅಂಗಿ ಹರ್ಕೊಂಡಿದಾನೆ, ಗಿಡ್ಡ ಪೆಟ್ಟಿಗೆ ಮೇಲೆ ಕೂತಿದಾನೆ, ದೀಪ ಹಚ್ಚಿದಾನೆ, ಕಾಲಲ್ಲಿ ಬಟ್ಟೆ ಚಪ್ಪಲಿ! ಬಾಗಿಲು ಹಾರು ಹೊಡೆದಿದೆ!"

ನಮ್ಮವರ ಸೂತಕದ ಮನೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಪ್ರಮಾಣಿಸಿದೆ. "ಗಡ್ಡ?" ಎಂದೆ.

"ಎದೆ ತನಕ!" ಎಂದರು ದೋನ್ಯ ಪೆರ್ಲಾ. ಗಡ್ಡ ಅಷ್ಟು ಬೆಳೆದಿರಲಿಲ್ಲ, ಆದರೆ ದುಃಖದಲ್ಲಿ ಯಾರು ಅಳತೆ ಹಿಡಿಯುತ್ತಾರೆ?

"ಯಾರು ಹೋದ್ರು?"

"ಅವನಿಗೆ ಇರೋದಾದ್ರೂ ಯಾರಪ್ಪಾ? ಫಾನ್ಯ! ಪಾಪ, ಗಟ್ಟಿಮುಟ್ಟಾಗಿದ್ದಳು. ಮಣ್ಣು ಮಾಡಿ ರಾತ್ರಿ ಬಸ್ಸಿಗೆ ಬಂದಿರಬೇಕು. ನಮಗ್ಯಾರಿಗೂ ಒಂದು ಮಾತು ಹೇಳಲಿಲ್ಲ ನೋಡು. ಹೇಳೋದಕ್ಕೆ ನಾವೇ ಅವನಿಗೆ ದಾರಿ ಎಲ್ಲಿ ಉಳಿಸಿದ್ದೀವಿ?"

ಆ ಕೊನೆಯ ಮಾತು ನನ್ನನ್ನು ನಿಜವಾಗಿ ಚುಚ್ಚಿತು. ಒಂದು ಫ್ಯಾನಿಗಾಗಿ ನಾವು ಒಬ್ಬ ಮನುಷ್ಯನನ್ನು ಅಕ್ಕನ ಸಾವಿನಲ್ಲಿ ಒಂಟಿಯಾಗಿ ಬಿಟ್ಟಿದ್ದೆವು. ಅರ್ಧ ಕ್ಷೌರದ ಗಿರಾಕಿಯನ್ನು ಹಾಗೇ ಕೂರಿಸಿ ಫೈವೆಲ್ ತಾತನ ಮನೆಗೆ ಓಡಿದೆ.

ಫೈವೆಲ್ ತಾತ ನಮ್ಮನ್ನೆಲ್ಲ ಸಿನಗಾಗಿನ ಮುಂದೆ ನಿಲ್ಲಿಸಿ ಶಾಸ್ತ್ರ ಹೇಳಿದರು. "ಬರಿಗೈಲಿ ಹೋಗಬೇಡಿ. ಬೇಯಿಸಿದ ಮೊಟ್ಟೆ, ಮಸೂರದ ಬೇಳೆ, ದುಂಡಗಿರೋದು ಏನಾದ್ರೂ ಒಯ್ಯಿರಿ. ಸೂತಕದವನು ತನ್ನ ಮನೆ ಅಡುಗೆ ತಿನ್ನಬಾರದು."

"ಗೋಯೊ ಅಡುಗೆ ಸೂತಕ ಇಲ್ಲದಾಗಲೂ ತಿನ್ನಬಾರದು," ಎಂದರು ದೋನ್ಯ ಪೆರ್ಲಾ.

"ಸುಮ್ಮನಿರಮ್ಮ. ಮುಖ್ಯ ವಿಷಯ ಇದು. ಅಲ್ಲಿ ಹೋಗಿ ನಮಸ್ಕಾರ ಅನ್ನಬಾರದು. ಹೇಗಿದ್ದೀಯ ಅನ್ನಬಾರದು. ಯಾರು, ಯಾವಾಗ, ಹೇಗೆ ಅಂತ ಕೇಳಲೇಬಾರದು. ದುಃಖದಲ್ಲಿರೋನು ತಾನಾಗಿ ಬಾಯಿ ಬಿಡೋವರೆಗೂ ಬಂದವರು ತುಟಿ ಪಿಟಕ್ಕೆನ್ನಬಾರದು. ಅವನೇ ಮೊದಲು ಮಾತಾಡಬೇಕು."

ಈ ಮಾತು ಹೇಳುವಾಗ ಫೈವೆಲ್ ತಾತನಿಗಾಗಲಿ ನಮಗಾಗಲಿ ಗೋಯೊನ ಪ್ರತಿಜ್ಞೆ ನೆನಪಾಗಲಿಲ್ಲ. ನಾಹುಮ್ ಹಿಂದೆ ನಿಂತಿದ್ದ. ಫೈವೆಲ್ ತಾತ ಅವನ ಭುಜ ತಟ್ಟಿ ಮೆಲ್ಲಗೆ ಹೇಳಿದರು: "ಸೂತಕದ ಮನೇಲೇ ಸಂಜೆ ಮುಂಚೆ ಪ್ರಾರ್ಥನೆ ಮಾಡ್ತೀವಿ. ಅವನು ಇರ್ತಾನೆ, ಹತ್ತಾಗ್ತದೆ. ನಿಮ್ಮಮ್ಮನ ಕಾದಿಶ್ ಅಲ್ಲೇ ಹೇಳು."

"ಅವನ ಗಾಯ ಹಸಿ ಇದೆ ತಾತ. ನನ್ನದು ಒಂದು ವರ್ಷದ್ದು. ಮೊದಲು ಅವನದಾಗ್ಲಿ," ಎಂದ ನಾಹುಮ್. ಆದರೂ ಅವನ ಮುಖ ಬೆಳಗ್ಗೆಗಿಂತ ತಿಳಿಯಾಗಿತ್ತು.

ಹೀಗೆ ನಾವು ಒಂಬತ್ತು ಗಂಡಸರೂ ನಮ್ಮ ಹೆಂಗಸರೂ ಪಾತ್ರೆಗಳನ್ನು ಹಿಡಿದು ಸಾಲಾಗಿ ಗೋಯೊನ ಮನೆಯೊಳಗೆ ಹೋದೆವು. ಯಾರೂ ಒಂದು ಮಾತಾಡಲಿಲ್ಲ. ನೆಲದ ಮೇಲೆ, ಗೋಡೆಯ ಬುಡದಲ್ಲಿ ಕೂತೆವು. ಸುಣ್ಣ ಹಸಿಯಾಗಿತ್ತು.

ಗೋಯೊ ತಲೆ ಎತ್ತಿ ನೋಡಿದ. ಅವನ ಲೆಕ್ಕ ಆ ಕ್ಷಣದಲ್ಲಿ ತೀರಾ ಸರಳವಾಗಿತ್ತು. ನೀವೇ ನನ್ನ ಮನೆಗೆ ಬರಬೇಕು ಎಂದಿದ್ದ. ಬಂದಿದ್ದಾರೆ. ತಪ್ಪಾಯ್ತು ಅನ್ನಬೇಕು ಎಂದಿದ್ದ. ಇನ್ನೇನು ಅನ್ನುತ್ತಾರೆ. ಗೋಯೊ ಬೆನ್ನು ನೆಟ್ಟಗೆ ಮಾಡಿಕೊಂಡು ಕ್ಷಮಿಸಲು ಸಿದ್ಧನಾಗಿ ಕೂತ.

ನಾವು ಅವನು ಬಾಯಿ ಬಿಡಲೆಂದು ಕಾದೆವು. ಅವನು ನಾವು ಬಾಯಿ ಬಿಡಲೆಂದು ಕಾದ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಫೈವೆಲ್ ತಾತ ಒಮ್ಮೆ ನಿಟ್ಟುಸಿರು ಬಿಟ್ಟರು. ಕ್ಷಮಾಪಣೆ ಹೊರಟಿತು ಎಂದು ಗೋಯೊ ಕಿವಿ ಮುಂದೆ ಮಾಡಿದ. ತಾತ ಇನ್ನೊಂದು ನಿಟ್ಟುಸಿರು ಬಿಟ್ಟು ಸುಮ್ಮನಾದರು. ನನ್ನ ಹೆಂಡತಿ ಒಂದು ಮೊಟ್ಟೆ ಸುಲಿದು ಅವನ ಕೈಗಿಟ್ಟಳು. ಅವನು ತಿಂದ. ಇನ್ನೊಂದು ಇಟ್ಟಳು. ಅದನ್ನೂ ತಿಂದ.

"ದುಃಖದಲ್ಲಿ ಹಸಿವು ಗೊತ್ತಾಗಲ್ಲ," ಎಂದು ದೋನ್ಯ ಪೆರ್ಲಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಬೇಳೆಯ ಪಾತ್ರೆಯ ತಳ ಕಂಡಾಗ, "ಇವನಿಗೆ ಗೊತ್ತಾಗ್ತಿದೆ," ಎಂದು ತಿದ್ದಿಕೊಂಡರು.

ನಾಹುಮ್ ಕೊನೆಗೆ ಬಂದ. ಬಿಸಿ ಬ್ರೆಡ್ ಅವನ ಮುಂದಿಟ್ಟು ಮೂಲೆಯಲ್ಲಿ ಹೋಗಿ ಕೂತ. ಗೋಯೊನ ಮೂಗು ಬ್ರೆಡ್ಡಿನ ಕಡೆ ತಿರುಗಿತು, ಹಠ ಅದನ್ನು ವಾಪಸ್ ಎಳೆಯಿತು. ನೋಡುತ್ತಿದ್ದ ನಮಗೆ, ಪಾಪ, ಅಕ್ಕನ ನೆನಪು ಬಂತೇನೋ ಅನಿಸಿ ಕಣ್ಣು ತುಂಬಿತು. ಹೆಂಗಸರಲ್ಲಿ ಒಂದಿಬ್ಬರು ಸಣ್ಣಗೆ ಅತ್ತರು. ಇಷ್ಟೊಂದು ಪಶ್ಚಾತ್ತಾಪ ಪಡುತ್ತಾರೆಂದು ತಾನು ಎಣಿಸಿರಲಿಲ್ಲ ಎಂದು ಗೋಯೊ ಆಮೇಲೆ ಹೇಳಿದ.

ಹೊರಗೆ ಪರಾನಾದ ಬಸ್ಸು ನಿಂತಿತು. ತೆರೆದ ಬಾಗಿಲನ್ನೂ ಒಳಗಿನ ಜನವನ್ನೂ ನೋಡಿ ಡ್ರೈವರ್ ಏನೆಂದು ಕೇಳಿದ. "ಗೋಯೊ ಮನೇಲಿ ಸಾವಾಗಿದೆ," ಎಂದರು ಬೀದಿಯವರು. ಅವನು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ಸುದ್ದಿಯನ್ನೂ ಹತ್ತಿಸಿಕೊಂಡು ಬಸ್ಸು ಬಿಟ್ಟ.

ಮಧ್ಯಾಹ್ನ ಬಿಸಿಲು ಇಳಿಯುವಾಗ ಪೊಲೀಸ್ ಅಧಿಕಾರಿ ಸಿಲ್ವಾ ಬಂದರು. ಒಳ್ಳೆಯ ಮನುಷ್ಯ, ಆದರೆ ಕ್ರೈಸ್ತರು, ನಮ್ಮ ಮೌನದ ನಿಯಮ ಅವರಿಗೇನು ಗೊತ್ತು? ಕ್ಯಾಪ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಗೋಯೊನ ಎರಡೂ ಕೈ ಹಿಡಿದು, ಠಾಣೆಯಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ ಹೇಳಿದರು: "ದೋನ್ ಗೋಯೊ, ನಿಮ್ಮ ಅಕ್ಕನ ವಿಷಯ ಕೇಳಿ ಹೊಟ್ಟೇಲಿ ಸಂಕಟ ಆಯ್ತು. ಎಂಥ ಹೆಂಗಸು! ದೇವರು ಅವರ ಆತ್ಮಕ್ಕೆ ಶಾಂತಿ ಕೊಡ್ಲಿ."

ಗೋಯೊನ ಬಾಯಲ್ಲಿದ್ದ ಮೊಟ್ಟೆ ಅಲ್ಲೇ ನಿಂತಿತು. "ಯಾವ... ಯಾವ ಅಕ್ಕ?"

"ನಿಮಗೆ ಇರೋದು ಒಬ್ಬರೇ ಅಲ್ವಾ?"

ಗೋಯೊ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ. ನಾವು ಒಬ್ಬೊಬ್ಬರಾಗಿ ತಲೆ ತಗ್ಗಿಸಿದೆವು. ಅವನಿಗೆ ಆಗ ಎಲ್ಲ ಅರ್ಥವಾಯಿತು, ಅಂದರೆ ಎಲ್ಲ ತಪ್ಪಾಗಿ ಅರ್ಥವಾಯಿತು. ಇವರು ಕ್ಷಮೆ ಕೇಳಲು ಬಂದವರಲ್ಲ. ಅಕ್ಕ ಸತ್ತ ಸುದ್ದಿ ಹೊತ್ತುಕೊಂಡು ಬಂದು, ಹೇಳಲು ಬಾಯಿ ಬಾರದೆ, ಬೆಳಗಿಂದ ನೆಲದ ಮೇಲೆ ಕೂತಿದ್ದಾರೆ. ತಾನು ಮೊಟ್ಟೆ ತಿನ್ನುತ್ತ ಗತ್ತಿನಲ್ಲಿ ಕೂತಿದ್ದೇನೆ.

"ಅಯ್ಯೋ ಫಾನ್ಯಾ!" ಎಂದು ಅವನು ಕೂಗಿದ ಕೂಗಿಗೆ ಮೇಲಿನ ಫ್ಯಾನ್ ಅಲುಗಿತು. "ಎರಡು ವರ್ಷ! ಎರಡು ವರ್ಷ ಮಾತಾಡಿಸಲಿಲ್ವಲ್ಲೇ ನಿನ್ನ! ಆ ದರಿದ್ರ ಸಮೋವರ್ ನೀನೇ ಇಟ್ಕೊಳ್ಳೇ! ಮೊದಲು ನಾನೇ ಒಂದು ಮಾತಾಡಿದ್ರೆ ನನ್ನ ಬಾಯಿ ಸವೀತಿತ್ತಾ!"

ಸಿಲ್ವಾ ಗಾಬರಿಯಿಂದ ಅವನನ್ನು ಹಿಡಿದುಕೊಂಡರು. ನಾನು ಫೈವೆಲ್ ತಾತನ ಹತ್ತಿರ ಬಗ್ಗಿ, "ಮಾತಾಡಿದ್ನಲ್ಲ ತಾತ, ಇನ್ನು ನಾವು ಸಮಾಧಾನ ಹೇಳಬಹುದಾ?" ಎಂದು ಕೇಳಿದೆ. ತಾತ ಗಡ್ಡ ನೀವಿ ಯೋಚಿಸಿದರು. "ಮಾತಾಡಿದ್ದು ಪೊಲೀಸಿನ ಜೊತೆ. ನಮ್ಮ ಜೊತೆ ಅಲ್ಲ. ಲೆಕ್ಕಕ್ಕಿಲ್ಲ," ಎಂದರು. ಆದ್ದರಿಂದ ನಾವು ಮೌನವಾಗಿಯೇ ಅವನ ಹತ್ತಿರ ಸರಿದು ಕೂತೆವು. ನಾಹುಮ್ ಎಲ್ಲರಿಗಿಂತ ಮುಂದೆ ಬಂದು ಅವನ ಭುಜದ ಮೇಲೆ ಕೈ ಇಟ್ಟ. ಗೋಯೊ ಆ ಕೈಯನ್ನು ತಳ್ಳಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡು ಅತ್ತ. ಹೊರಗೆ ಸೂರ್ಯ ನೀಲಗಿರಿ ಮರಗಳ ತುದಿಗೆ ಇಳಿದಿದ್ದ. ಫೈವೆಲ್ ತಾತ ಪ್ರಾರ್ಥನೆಯ ಪುಸ್ತಕ ಜೇಬಿನಿಂದ ತೆಗೆದರು.

ಅಷ್ಟರಲ್ಲಿ ಬಸ್ಸು ಪರಾನಾದಿಂದ ವಾಪಸ್ ಬಂತು. ಬೀದಿಯ ತುದಿಯಿಂದಲೇ ಒಂದು ಹೆಣ್ಣುದನಿ ಗೋಳಾಡುತ್ತ ಹತ್ತಿರ ಬಂತು. "ಅಯ್ಯೋ ಗೋಯೊ! ಅಯ್ಯೋ ನನ್ನ ತಮ್ಮಾ! ನನ್ನ ಬಿಟ್ಟು ಹೋದೆಯೇನೋ!"

ಬಾಗಿಲಲ್ಲಿ ಫಾನ್ಯ ನಿಂತಿದ್ದಳು. ಕಾಲರ್ ಹರಿದುಕೊಂಡಿದ್ದಳು. ಕಂಕುಳಲ್ಲಿ ಹಿತ್ತಾಳೆಯ ಸಮೋವರ್ ಇತ್ತು.

ದೋನ್ಯ ಪೆರ್ಲಾ ಕೈಯಲ್ಲಿದ್ದ ಪಾತ್ರೆ ಬಿಟ್ಟರು. ಸಿಲ್ವಾ ಶಿಲುಬೆ ಗುರುತು ಮಾಡಲು ಹೋಗಿ ತಮ್ಮ ಕ್ಯಾಪನ್ನೇ ಎದೆಗೆ ಬಡಿದುಕೊಂಡರು. ಅಕ್ಕತಮ್ಮ ಒಬ್ಬರನ್ನೊಬ್ಬರು ನೋಡಿ ಒಟ್ಟಿಗೇ ಕಿರುಚಿದರು.

"ನೀನು ಸತ್ತಿಲ್ವಾ?"

"ನೀನು ಸತ್ತಿಲ್ವಾ?"

"ನಾನ್ಯಾಕೋ ಸಾಯ್ಲಿ? ನಿನ್ನ ಮನೇಲಿ ಸಾವಾಗಿದೆ ಅಂದ ಡ್ರೈವರ್. ನಿನ್ನ ಮನೇಲಿ ಸಾಯೋಕೆ ನೀನು ಬಿಟ್ರೆ ಇನ್ಯಾರಿದಾರೋ ಮುಠ್ಠಾಳ! ನಿನ್ನ ತಲೆ ಹತ್ರ ಇಡೋಣ ಅಂತ ಈ ಪಾತ್ರೆ ಬೇರೆ ಹೊತ್ಕೊಂಡು ಬಂದೆ, ತೋಳು ಬಿದ್ದುಹೋಯ್ತು!"

ಅವಳು ಸಮೋವರನ್ನು ನೆಲಕ್ಕಿಟ್ಟು ತಮ್ಮನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅದೇ ಕೆನ್ನೆ ಹಿಡಿದುಕೊಂಡು ಮುತ್ತಿಟ್ಟಳು. ಇಬ್ಬರೂ ಅತ್ತರು, ಈ ಸಲ ಜೀವಂತ ಮನುಷ್ಯರಿಗಾಗಿ. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಹೇಳುವುದಿಲ್ಲ.

ಆದರೆ ಸಂತೋಷದ ಹಿಂದೆಯೇ ಲೆಕ್ಕಾಚಾರ ಬರುತ್ತದೆ. ಸಿಲ್ವಾ ಕ್ಯಾಪ್ ಹಾಕಿಕೊಂಡು ಅಧಿಕಾರಿಯಾದರು. "ಹಾಗಾದ್ರೆ ಇಲ್ಲಿ ಸತ್ತೋರು ಯಾರು?"

ಯಾರೂ ಮುಂದೆ ಬರಲಿಲ್ಲ.

"ಕನ್ನಡಿ ಯಾಕೆ ಮುಚ್ಚಿದೆ?" ಗೋಯೊ ಸುಣ್ಣದ ಬಕೆಟ್ ತೋರಿಸಿದ. "ಅಂಗಿ ಯಾಕೆ ಹರಿದಿದೆ?" ಕೊಕ್ಕೆ ತೋರಿಸಿದ. "ದೀಪ?" ಫ್ಯೂಸ್ ತೋರಿಸಿದ. "ಗಡ್ಡ?" ನನ್ನನ್ನು ತೋರಿಸಿದ. ಕೊನೆಗೆ ಎಲ್ಲರ ಕಣ್ಣೂ ಮಾಡಿನಿಂದ ತೂಗುತ್ತಿದ್ದ ಆ ದೊಡ್ಡ ಅಪರಾಧಿಯ ಕಡೆ ತಿರುಗಿತು.

"ಫ್ಯಾನು!" ಎಂದರು ದೋನ್ಯ ಪೆರ್ಲಾ. "ನಮ್ಮ ಮೇಲಿನ ಹಠಕ್ಕೆ ಫ್ಯಾನು! ನಾನು ಬೆಳಗಿಂದ ಇವನಿಗೋಸ್ಕರ ಅತ್ತಿದೀನಿ!"

"ನಾನು ಅಂಗಡಿ ಮುಚ್ಚಿದೀನಿ," ಎಂದ ಒಬ್ಬ.

"ನನ್ನ ಗಿರಾಕಿ ಇನ್ನೂ ಅರ್ಧ ಗಡ್ಡದಲ್ಲಿ ಕೂತಿದಾನೆ," ಎಂದೆ ನಾನು.

ಕೋಪ ಎಲ್ಲರಿಗೂ ಒಟ್ಟಿಗೆ ಬಂತು. ಬಾಯಿ ಬಿಟ್ಟು ಇದ್ದದ್ದು ಹೇಳಬಾರದಿತ್ತೇ, ಮೊಟ್ಟೆ ನುಂಗುತ್ತ ನಮ್ಮನ್ನು ಮಂಗ ಮಾಡಿದ ಎಂದು ಗಂಡಸರು ಟೋಪಿ ಹುಡುಕತೊಡಗಿದರು. ಹೆಂಗಸರು ಪಾತ್ರೆ ಎ‌ತ್ತಿಕೊಂಡರು.

"ಇಡಿ ಕೆಳಗೆ!" ಎಂದರು ಫೈವೆಲ್ ತಾತ. "ಸೂತಕದ ಮನೆಗೆ ತಂದದ್ದನ್ನ ವಾಪಸ್ ಒಯ್ಯಬಾರದು."

"ಸೂತಕವೇ ಇಲ್ವಲ್ಲ ತಾತ!"

"ತರುವಾಗ ಇತ್ತು."

ಪಾತ್ರೆಗಳು ಕೆಳಗಿಳಿದವು, ಜನ ಮಾತ್ರ ಬಾಗಿಲ ಕಡೆ ಹೊರಟರು. ಎಲ್ಲರಿಗಿಂತ ಮುಂದೆ ನಾಹುಮ್ ಇದ್ದ. ಅವನು ಬೈಯಲಿಲ್ಲ, ಕೂಗಾಡಲಿಲ್ಲ. ಒಮ್ಮೆ ಕಿಟಕಿಯ ಸಂದಿಯಿಂದ ನೀಲಗಿರಿ ಮರಗಳ ಹಿಂದಿನ ಕೆಂಪು ನೋಡಿದ, ಒಮ್ಮೆ ತಾತನ ಕೈಯಲ್ಲಿದ್ದ ಪುಸ್ತಕ ನೋಡಿದ. ಆಮೇಲೆ ಹೊಸ್ತಿಲಿಗೆ ಕಾಲಿಟ್ಟ. ಅವನೊಬ್ಬ ದಾಟಿದ್ದರೆ ಹತ್ತು ಮುರಿಯುತ್ತಿತ್ತು, ಅವನ ಅಮ್ಮನ ದಿನವೂ ಮುಗಿಯುತ್ತಿತ್ತು. ಅದು ನಮಗೆಲ್ಲ ಗೊತ್ತಿತ್ತು. ಆದರೆ ಕೋಪದಲ್ಲಿ ಯಾರ ಬಾಯಿಂದಲೂ ಅದು ಹೊರಡಲಿಲ್ಲ.

ಗೋಯೊ ಪೆಟ್ಟಿಗೆಯಿಂದ ಎದ್ದು ನಿಂತಿದ್ದ. ಅವನ ತುಟಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಏನೋ ಇದೆ ನಿನ್ನ ಹೊಟ್ಟೇಲಿ. ಕಕ್ಕೋ!" ಎಂದಳು ಫಾನ್ಯ. "ಇನ್ನೊಬ್ಬರು ಸತ್ತ ಮೇಲೇ ಬಾಯಿ ಬಿಡ್ತೀನಿ ಅಂತ ಹರಕೆ ಹೊತ್ತಿದೀಯಾ?"

"ನಾಹುಮ್," ಎಂದ ಗೋಯೊ.

ಎಲ್ಲರೂ ನಿಂತರು. ನಾಹುಮ್ ತಿರುಗಲಿಲ್ಲ, ಆದರೆ ಎತ್ತಿದ ಇನ್ನೊಂದು ಕಾಲನ್ನು ಇಡಲೂ ಇಲ್ಲ.

"ನಾಹುಮ್, ಇವತ್ತು ರಿವ್ಕೆ ಅಮ್ಮನ ದಿನ. ಹೊತ್ತು ಹೋಗ್ತಾ ಇದೆ ಕಣೋ. ನಾವು ಹತ್ತು ಜನ ಇದ್ದೀವಿ. ಅಮ್ಮನಿಗೆ ಹೇಳೋದನ್ನ ಹೇಳು."

"ನಿನಗೆ ಜ್ಞಾಪಕ ಇತ್ತಾ?" ನಾಹುಮ್ ಈಗ ತಿರುಗಿದ.

"ನಿನ್ನೆ ಸಂಜೆಯಿಂದ ಜ್ಞಾಪಕ ಇದೆ. ಅದಕ್ಕೇ ಬೆಳಗ್ಗೆ ಎದ್ದವನೇ ಸುಣ್ಣ ಕಲಸಿದೆ. ಸುಮ್ಮನೆ ಕೂತಿದ್ರೆ ಕಾಲು ತಾನಾಗೇ ನಿಮ್ಮ ಕಡೆ ಬಂದುಬಿಡ್ತಿತ್ತು." ಗೋಯೊ ಹರಿದ ಕಾಲರಿನಿಂದ ಮೂಗು ಒರೆಸಿಕೊಂಡ. "ತಪ್ಪಾಯ್ತು ಕಣೋ."

ಫೈವೆಲ್ ತಾತ ಪುಸ್ತಕವನ್ನು ಅಂಗೈಗೆ ಬಡಿದರು. "ಬಾಯಿ ಬಿಟ್ಟ! ನಮ್ಮ ಜೊತೆ, ತಾನಾಗಿ, ಮೊದಲು! ಇನ್ನು ನೀವೆಲ್ಲ ಮಾತಾಡಬಹುದು!"

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದೆವು.

"ಈಗಲ್ಲ! ಪ್ರಾರ್ಥನೆ ಆದ್ಮೇಲೆ!" ಎಂದು ತಾತ ಗದರಿದರು.

ಹಸಿ ಸುಣ್ಣದ ಗೋಡೆಗೆ ಮುಖ ಮಾಡಿ ನಿಂತೆವು. ಮೇಣದ ಬತ್ತಿ ಒಂದೇ ಬೆಳಕು. ಫೈವೆಲ್ ತಾತ ಯಾವತ್ತೂ ಇಲ್ಲದ ವೇಗದಲ್ಲಿ ಪ್ರಾರ್ಥನೆ ಓದಿದರು, ಸೂರ್ಯನ ಜೊತೆ ಪಂದ್ಯ ಕಟ್ಟಿದ್ದವರ ಹಾಗೆ. ಗೆದ್ದರು. ನಾಹುಮ್ ಕಾದಿಶ್ ಶುರು ಮಾಡಿದಾಗ ಕಿಟಕಿಯ ಸಂದಿಯಲ್ಲಿ ಇನ್ನೂ ಒಂದು ಗೆರೆ ಬೆಳಕಿತ್ತು. ಅವನ ದನಿ ಎರಡನೆಯ ಸಾಲಿನಲ್ಲಿ ನಿಂತೇಹೋಯಿತು. ಆಗ ಅವನ ಪಕ್ಕದಲ್ಲಿ ಗೋಯೊ "ಆಮೆನ್" ಎಂದ. ಅದು ಬೀದಿಯ ಕೊನೆಯವರೆಗೂ ಕೇಳಿಸಿತಂತೆ. ಹೊರಗೆ ಕ್ಯಾಪ್ ತೆಗೆದು ನಿಂತಿದ್ದ ಸಿಲ್ವಾ ಕೂಡ ಆಮೆನ್ ಎಂದರು. ಅದು ಲೆಕ್ಕಕ್ಕಿಲ್ಲ ಎಂದು ಫೈವೆಲ್ ತಾತ ಅವತ್ತು ಯಾಕೋ ಹೇಳಲಿಲ್ಲ.

ಆಮೇಲೆ ಊಟ. ವಾಪಸ್ ಒಯ್ಯುವಂತಿರಲಿಲ್ಲವಲ್ಲ, ಎಲ್ಲವನ್ನೂ ಅಲ್ಲೇ ಮುಗಿಸಿದೆವು. ಫಾನ್ಯ ಸಮೋವರ್ ಹಚ್ಚಿದಳು. ಹಿಂತಿರುಗುವಾಗ ಒಬ್ಬೊಬ್ಬರ ಬೆನ್ನಿಗೂ ಸುಣ್ಣ ಮೆತ್ತಿತ್ತು.

ಮಾರನೆಯ ಸಂಜೆ ಯಾರೂ ಹೇಳಿಕಳಿಸದಿದ್ದರೂ ಎಲ್ಲರೂ ಪಾತ್ರೆ ಹಿಡಿದು ಗೋಯೊನ ಮನೆಯಲ್ಲಿ ಹಾಜರಾದೆವು. ಸತ್ತವರಿಲ್ಲದೆ ಸೂತಕ ಆಚರಿಸಬಹುದೇ ಎಂದು ಫೈವೆಲ್ ತಾತನನ್ನು ಕೇಳಿದೆವು. ಅವರು ಚಹಾ ಹೀರಿ, "ಸತ್ತವರಿಲ್ಲ ಅಂತ ಯಾರು ಹೇಳಿದ್ದು? ಒಂದು ಜಗಳ ಸತ್ತಿದೆ. ಏಳು ದಿನ ಕೂರೋಣ," ಎಂದರು. ಇದು ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ನಾಹುಮನ ಬ್ರೆಡ್, ಫಾನ್ಯಳ ಚಹಾ, ದೋನ್ಯ ಪೆರ್ಲಾರ ಬಾಯಿ, ಮೂರೂ ಏಳು ದಿನ ನಿಲ್ಲಲಿಲ್ಲ. ನಾನು ಗೋಯೊನ ಗಡ್ಡ ಬೋಳಿಸಿದೆ. ನನ್ನ ಹಳೆಯ ಗಿರಾಕಿಯ ಉಳಿದರ್ಧವನ್ನೂ ಅಲ್ಲೇ ಕರೆಸಿ ಮುಗಿಸಿದೆ. ಮಾಡಿನ ಫ್ಯಾನನ್ನು ಇಳಿಸಿ, ನಾಹುಮನ ಬೇಕರಿಯಲ್ಲಿ ಒಲೆಯ ಎದುರು ತೂಗುಹಾಕಿದೆವು. ಗೋಯೊನೇ ಏಣಿ ಹತ್ತಿದ. ಈ ಸಲ ಏಣಿಯನ್ನು ನಾಹುಮ್ ಹಿಡಿದುಕೊಂಡ.

ಸೂತಕ ಮುಗಿದ ದಿನ ದುಃಖದಲ್ಲಿದ್ದವರನ್ನು ಎಬ್ಬಿಸಿ, ಊರವರೆಲ್ಲ ಜೊತೆಗೆ ನಡೆದು, ಬೀದಿ ಒಂದು ಸುತ್ತು ಹಾಕಿಸಿ ಮತ್ತೆ ಲೋಕಕ್ಕೆ ಕರೆತರುವುದು ನಮ್ಮ ಪದ್ಧತಿ. ಏಳನೆಯ ಬೆಳಗ್ಗೆ ಫೈವೆಲ್ ತಾತ ಬಂದು, "ಏಳು ಮಗಾ," ಎಂದರು. ಗೋಯೊ ಎದ್ದ. ಒಂದು ಕಡೆ ಸತ್ತುಹೋಗಿದ್ದ ಅಕ್ಕ, ಇನ್ನೊಂದು ಕಡೆ ನಾಹುಮ್, ಹಿಂದೆ ನಾವೆಲ್ಲ. ಸಿಲ್ವಾ ಚೌಕದಲ್ಲಿ ಒಂದು ಟ್ರಾಕ್ಟರನ್ನು ನಿಲ್ಲಿಸಿ ನಮಗೆ ದಾರಿ ಬಿಡಿಸಿಕೊಟ್ಟರು. ಸುತ್ತು ಬಂದು ನಿಂತದ್ದು ಸಿನಗಾಗಿನ ಬಾಗಿಲಲ್ಲಿ.

ಒಳಗೆ ಗೋಯೊನ ಅಪ್ಪನ ಜಾಗ ಒರೆಸಿಟ್ಟಿತ್ತು. ಕಾಲಿನ ಫ್ಯಾನ್ ಆ ಕಡೆಗೇ ಮುಖ ಮಾಡಿ ನಿಂತಿತ್ತು. ಯಾರು ತಿರುಗಿಸಿದ್ದೆಂದು ಯಾರೂ ಹೇಳಲಿಲ್ಲ, ಆದರೆ ಅದರ ಕಾಲಿನ ಮೇಲೆ ಹಿಟ್ಟಿನ ಕೈಗುರುತು ಬಿದ್ದಿತ್ತು. ಗೋಯೊ ಹೋಗಿ ಕೂತ. ಫೈವೆಲ್ ತಾತ ಸ್ವಿಚ್ ಒತ್ತಿದರು. ಇಷ್ಟು ದಿನ ಆಸೆಪಟ್ಟ ಗಾಳಿ ಪೂರ್ತಿ ರಭಸದಲ್ಲಿ ಅವನ ಮುಖಕ್ಕೆ ಬಡಿಯಿತು.

ಗೋಯೊ ಕಣ್ಣು ಕಿರಿದು ಮಾಡಿ, ಬಾಯಿ ತೆರೆದು, ಎರಡು ಸಲ ಉಸಿರೆಳೆದು, ಕಿಟಕಿಯ ಗಾಜು ನಡುಗುವ ಹಾಗೆ ಸೀನಿದ.

"ನೂರಿಪ್ಪತ್ತು ವರ್ಷ ಬಾಳು!" ಎಂದೆವು ಒಂಬತ್ತು ಜನ, ಒಟ್ಟಿಗೆ. ಎಲ್ಲರಿಗಿಂತ ಅರ್ಧ ಉಸಿರು ಮೊದಲು ಹೇಳಿದವನು ನಾಹುಮ್.